ರವಿವಾರ ಪೇಟೆಯಲ್ಲಿ ಕೂತು ಗ್ಯಾಲಕ್ಸಿಯ ಬಣ್ಣ ಅಳೆಯಬಹುದು

ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಗ್ಯಾಲಕ್ಸಿ ಫೋಟೋ ಬರ್ತದೆ. ಕಪ್ಪು ನೆಲದ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ನೀಲಿ, ಕೆಂಪು, ಕಿತ್ತಳೆ ಚುಕ್ಕಿಗಳು. ಹತ್ತು ಮಂದಿ ಹಾರ್ಟ್ ಒತ್ತುತ್ತಾರೆ. ಹನ್ನೊಂದನೆಯವರು "ಇದೆಲ್ಲ ಫೇಕ್ ಕಲರ್, ಫೋಟೋಶಾಪ್" ಅಂತ ಹಾಕ್ತಾರೆ. ಅಲ್ಲಿಗೆ ಚರ್ಚೆ ಮುಗೀತು, ಮತ್ತೆ ಅಟೆಂಡೆನ್ಸ್ ಶಾರ್ಟೇಜ್ ಕಥೆ ಶುರು.

ನಾವು ಇಲ್ಲಿ ಹೇಳಬೇಕು ಅಂತಿರೋದು ಎರಡೇ ಮಾತು. ಒಂದು, ಆ ಬಣ್ಣ ಫೇಕ್ ಅಲ್ಲ, ಅದು ಅಳತೆ. ಎರಡು, ಆ ಅಳತೆಯ ಡೇಟಾ ನಮಗೆಲ್ಲ ಪುಕ್ಕಟೆ ಸಿಗ್ತದೆ, ಅದರಲ್ಲಿ ಒಂದು ಭಾಗ ನಮ್ಮ ಕರ್ನಾಟಕದಲ್ಲೇ ಜೋಡಿಸಿದ ಟೆಲಿಸ್ಕೋಪಿನಿಂದ ಬಂದದ್ದು. ಹಾಗಾಗಿ ಮುಂದಿನ ಮಿನಿ ಪ್ರಾಜೆಕ್ಟಿಗೆ ನಾವು ಆಕಾಶವನ್ನೇ ತಗೋಬೇಕು, ಮತ್ತು ಅದನ್ನ ಕನ್ನಡದಲ್ಲಿ ವಿವರಿಸಬೇಕು. ಇದು ದೊಡ್ಡ ಮಾತು ಅನ್ನಿಸಿದ್ರೆ ಸ್ವಲ್ಪ ತಾಳ್ಮೆಯಿಂದ ಓದಿ.

ಮೆಣಸಿನಕಾಯಿಯಿಂದ ಶುರು ಮಾಡೋಣ

ಬೆಳಗಾವಿಯ ರವಿವಾರ ಪೇಟೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಬೆಲ್ಲ, ಬೇಳೆ, ಮೆಣಸಿನಕಾಯಿ, ಅರಿಶಿನ, ಚೀಲಗಳ ನಡುವೆ ಗಾಡಿ ತೂರಿಸುವ ಸರ್ಕಸ್ಸು. ಅಲ್ಲಿ ಅನುಭವ ಇರೋ ಗಿರಾಕಿ ಮೆಣಸಿನಕಾಯಿ ಕೊಳ್ಳೋದು ನೋಡ್ರಿ. ಅಂಗಡಿಯೊಳಗಿನ ಟ್ಯೂಬ್‌ಲೈಟ್ ಕೆಳಗೆ ಬಣ್ಣ ನೋಡಿ ಒಪ್ಪೋದಿಲ್ಲ. ಒಂದು ಹಿಡಿ ಎತ್ತಿಕೊಂಡು ಬಾಗಿಲಿಗೆ ಬಂದು ಬಿಸಿಲಿಗೆ ಹಿಡೀತಾರೆ. ಯಾಕೆ? ಬೆಳಕು ಬದಲಾದ್ರೆ ಬಣ್ಣ ಬದಲಾಗ್ತದೆ, ಹೋಲಿಕೆಗೆ ಒಂದೇ ಬೆಳಕು ಬೇಕು ಅನ್ನೋದು ಅವರಿಗೆ ಗೊತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅವರು ಕ್ಯಾಲಿಬ್ರೇಷನ್ ಮಾಡ್ತಿದಾರೆ.

ಇದೇ ಕೆಲಸ ಲ್ಯಾಬಿಗೆ ಹೋದಾಗ ಇನ್ನೂ ಕಟ್ಟುನಿಟ್ಟು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರೋದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಆ ಬಣ್ಣವನ್ನು "ಆಸ್ತಾ" ಅನ್ನೋ ಸಂಖ್ಯೆಯಲ್ಲಿ ಹೇಳ್ತಾರೆ. ಪುಡಿಯ ಬಣ್ಣವನ್ನು ಅಸಿಟೋನಿನಲ್ಲಿ ಕರಗಿಸಿ, 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರಿಕೊಳ್ತದೆ ಅಂತ ಅಳೀತಾರೆ. "ಛಲೋ ಕೆಂಪು ಐತಿ" ಅನ್ನೋದು ಅಭಿಪ್ರಾಯ. 460ರಲ್ಲಿ ಬಂದ ಸಂಖ್ಯೆ ಅಳತೆ.

ಖಗೋಳ ವಿಜ್ಞಾನಿಗಳು ಮಾಡೋದು ಇದನ್ನೇ, ಪದಾರ್ಥ ಮಾತ್ರ ಬ್ಯಾರೆ. ನಮ್ಮ ಮೊಬೈಲ್ ಕ್ಯಾಮೆರಾದ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಚೌಕುಳಿ ಅಂಟಿಸಿರ್ತದೆ. ದೊಡ್ಡ ಟೆಲಿಸ್ಕೋಪಿನ ಕ್ಯಾಮೆರಾದಲ್ಲಿ ಹಾಗಿರೋದಿಲ್ಲ. ಆ ಸೆನ್ಸರಿಗೆ ಬಣ್ಣವೇ ಗೊತ್ತಿಲ್ಲ, ಎಷ್ಟು ಬೆಳಕು ಬಿತ್ತು ಅಂತ ಎಣಿಸೋದು ಮಾತ್ರ ಗೊತ್ತು. ಅದರ ಮುಂದೆ ಒಂದು ಫಿಲ್ಟರ್ ಇಟ್ಟು ಒಂದು ಚಿತ್ರ, ಇನ್ನೊಂದು ಫಿಲ್ಟರ್ ಇಟ್ಟು ಇನ್ನೊಂದು ಚಿತ್ರ. ಪ್ರತಿ ಚಿತ್ರದಲ್ಲೂ ಅದೇ ಗ್ಯಾಲಕ್ಸಿಯ ಹೊಳಪು ಎಷ್ಟು ಅಂತ ಬರೆದಿಟ್ಟು, ಎರಡರ ವ್ಯತ್ಯಾಸ ತೆಗೆದರೆ ಅದೇ "ಬಣ್ಣ". ಅಂದ್ರೆ ಅವರಿಗೆ ಬಣ್ಣ ಅನ್ನೋದು ಒಂದು ಸಬ್‌ಟ್ರಾಕ್ಷನ್. ಕೊನೆಗೆ ನಮ್ಮಂಥವರಿಗೆ ತೋರಿಸೋಕೆ ಆ ಚಿತ್ರಗಳನ್ನ ಸೇರಿಸಿ ಕೆಂಪು, ಹಸಿರು, ನೀಲಿ ಹಂಚಿಕೊಡ್ತಾರೆ. ಈ ಹಂಚಿಕೆ ಒಂದು ಪದ್ಧತಿ, ಒಪ್ಪಿಕೊಳ್ಳೋಣ. ಆದ್ರೆ ಅದರ ಹಿಂದಿರೋ ಸಂಖ್ಯೆ ಫೋಟೋಶಾಪ್ ಅಲ್ಲ.

ಐದು ಕಿಟಕಿ, 40 ಕೋಟಿ ಚುಕ್ಕಿ

1995ರ ಡಿಸೆಂಬರಿನಲ್ಲಿ ಹಬಲ್ ಟೆಲಿಸ್ಕೋಪನ್ನು ಹತ್ತು ದಿನ ಸಪ್ತರ್ಷಿ ಮಂಡಲದ ಒಂದು ಖಾಲಿ ಜಾಗಕ್ಕೆ ತಿರುಗಿಸಿ ಇಟ್ಟರು. ಆ ಜಾಗದ ಅಗಲ ಪೂರ್ಣಚಂದ್ರನ ಅಗಲದಲ್ಲಿ ಹನ್ನೆರಡನೇ ಒಂದು ಪಾಲು. ನಾಲ್ಕು ಫಿಲ್ಟರ್, 342 ಎಕ್ಸ್‌ಪೋಷರ್. ಖಾಲಿ ಅಂದುಕೊಂಡ ಜಾಗದಲ್ಲಿ ಸುಮಾರು 3,000 ಗ್ಯಾಲಕ್ಸಿ ಸಿಕ್ಕವು. ಅದು ಆಳದ ಕಥೆ.

ಅಗಲದ ಕಥೆ ಬರೆದದ್ದು ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರೋ ಬರೀ 2.5 ಮೀಟರಿನ ಟೆಲಿಸ್ಕೋಪು. 2000ರಿಂದ 2009ರವರೆಗೆ ಐದು ಫಿಲ್ಟರುಗಳಲ್ಲಿ ಆಕಾಶದ ಮೂರನೇ ಒಂದು ಭಾಗದಷ್ಟನ್ನು ಚಿತ್ರ ತೆಗೀತು. ಅತಿನೇರಳೆಯ ಅಂಚಿನಿಂದ ಇನ್‌ಫ್ರಾರೆಡ್‌ವರೆಗೆ ಐದು ಕಿಟಕಿ: ಯು, ಜಿ, ಆರ್, ಐ, ಜೆಡ್. ಇದರಲ್ಲಿ "ಜಿ" ಕಿಟಕಿಯ ನಡುಭಾಗ 475 ನ್ಯಾನೋಮೀಟರಿನ ಆಸುಪಾಸು, ಅಂದ್ರೆ ನಮ್ಮ ಮೆಣಸಿನಕಾಯಿ ಅಳೆಯೋ ಜಾಗದ ಪಕ್ಕದ ಮನೆ! ಒಟ್ಟು ಪಟ್ಟಿಯಲ್ಲಿ 40 ಕೋಟಿಗೂ ಹೆಚ್ಚು ನಕ್ಷತ್ರ ಮತ್ತು ಗ್ಯಾಲಕ್ಸಿಗಳಿವೆ.

ಇಷ್ಟಕ್ಕೂ ಬಣ್ಣದಿಂದ ಏನು ಗೊತ್ತಾಗ್ತದೆ? ಬಿಸಿ ನಕ್ಷತ್ರ ನೀಲಿ, ತಣ್ಣಗಿನ ನಕ್ಷತ್ರ ಕೆಂಪು. ಇದು ಪಿಯುಸಿಯಲ್ಲೇ ಬಂದಿದೆ. ದೊಡ್ಡ ನೀಲಿ ನಕ್ಷತ್ರಗಳು ಬೇಗ ಉರಿದು ಸಾಯ್ತವೆ. ಹಾಗಾಗಿ ಒಂದು ಗ್ಯಾಲಕ್ಸಿ ನೀಲಿಯಾಗಿದೆ ಅಂದ್ರೆ ಅಲ್ಲಿ ಈಗಲೂ ಹೊಸ ನಕ್ಷತ್ರ ಹುಟ್ಟುತ್ತಿವೆ. ಕೆಂಪಾಗಿದ್ರೆ ಸಾಮಾನ್ಯವಾಗಿ ಅಲ್ಲಿ ಬಾಣಂತನ ನಿಂತು ಬಹಳ ಕಾಲ ಆಗಿದೆ. 2001ರಲ್ಲಿ ಸ್ಲೋನ್ ಡೇಟಾದ ಸುಮಾರು 1,47,000 ಗ್ಯಾಲಕ್ಸಿಗಳ ಬಣ್ಣ ಎಣಿಸಿ ಗ್ರಾಫ್ ಹಾಕಿದಾಗ ಒಂದು ಗುಡ್ಡದ ಬದಲು ಎರಡು ಗುಡ್ಡ ಬಂದವು. ಯು ಮತ್ತು ಆರ್ ಮ್ಯಾಗ್ನಿಟ್ಯೂಡ್‌ಗಳ ವ್ಯತ್ಯಾಸ 2.22ಕ್ಕಿಂತ ಕಡಿಮೆ ಇದ್ದವು ನೀಲಿ ಗುಂಪು, ಹೆಚ್ಚಿದ್ದವು ಕೆಂಪು ಗುಂಪು. ಬ್ರಹ್ಮಾಂಡದ ಗ್ಯಾಲಕ್ಸಿಗಳು ಎರಡು ಬಣ. ನಮ್ಮ ಮಷಿನ್ ಲರ್ನಿಂಗ್ ಕ್ಲಾಸಿನಲ್ಲಿ ಬರೋ ಕ್ಲಸ್ಟರಿಂಗ್ ಲೆಕ್ಕಕ್ಕೆ ಇದಕ್ಕಿಂತ ಚಂದದ ಉದಾಹರಣೆ ಬೇಕಾ?

ಇನ್ನೊಂದು ಉಪಯೋಗ ದೂರ ಅಳೆಯೋದು. ಹಳೆಯ ನಕ್ಷತ್ರಗಳಿಂದ ತುಂಬಿದ ಗ್ಯಾಲಕ್ಸಿಯ ಬೆಳಕಿನಲ್ಲಿ 400 ನ್ಯಾನೋಮೀಟರ್ ಹತ್ತಿರ ಒಂದು ಮೆಟ್ಟಿಲಿದೆ. ಅದಕ್ಕಿಂತ ಕಡಿಮೆ ತರಂಗಾಂತರದಲ್ಲಿ ಬೆಳಕು ತಟ್ಟನೆ ಇಳಿದುಬಿಡ್ತದೆ. ಬ್ರಹ್ಮಾಂಡ ಹಿಗ್ಗುತ್ತಿರೋದರಿಂದ ದೂರದ ಗ್ಯಾಲಕ್ಸಿಯ ತರಂಗಾಂತರವೂ ಹಿಗ್ಗುತ್ತದೆ, ಅದೇ ಕೆಂಪು ಪಲ್ಲಟ. ಪಲ್ಲಟ 0.4 ಇದ್ದರೆ ಆ ಮೆಟ್ಟಿಲು 560ಕ್ಕೆ ಸರಿದು, ಜಿ ಮತ್ತು ಆರ್ ಕಿಟಕಿಗಳ ನಡುವೆ ಬಂದು ನಿಲ್ಲುತ್ತದೆ. ಆಗ ಜಿಯಲ್ಲಿ ಮಂಕು, ಆರ್‌ನಿಂದ ಮುಂದೆ ಪ್ರಕಾಶ. ಯಾವ ಕಿಟಕಿಯಲ್ಲಿ ಬೆಳಕು ಬಿದ್ದುಹೋಯ್ತು ಅಂತ ನೋಡಿ ದೂರ ಅಂದಾಜು ಮಾಡಬಹುದು. ಸರಿಯಾದ ಸ್ಪೆಕ್ಟ್ರಮ್ ತೆಗೆದರೆ ಇನ್ನೂ ನಿಖರ, ಆದ್ರೆ ಅದಕ್ಕೆ ಬಹಳ ಹೊತ್ತು ಬೇಕು. ಸ್ಲೋನ್ ಪಟ್ಟಿಯಲ್ಲಿ ನೂರರಲ್ಲಿ ಒಂದೆರಡಕ್ಕೆ ಮಾತ್ರ ಸ್ಪೆಕ್ಟ್ರಮ್ ಇದೆ. ಉಳಿದ ತೊಂಬತ್ತೆಂಟಕ್ಕೆ ಬಣ್ಣವೇ ಗತಿ. ಬಣ್ಣ ಕೆಲವೊಮ್ಮೆ ಮೋಸವೂ ಮಾಡ್ತದೆ: ಹತ್ತಿರದ ಧೂಳು ತುಂಬಿದ ಗ್ಯಾಲಕ್ಸಿ ದೂರದ ಮುದಿ ಗ್ಯಾಲಕ್ಸಿ ಥರ ಕಾಣಬಹುದು. ಅದಕ್ಕೇ ಕಿಟಕಿಗಳ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೇದು.

ಬಟಾಣಿ ಸಿಕ್ಕ ಕಥೆ

"ಫೇಕ್ ಕಲರ್" ಅನ್ನೋರಿಗೆ ನಮ್ಮ ಉತ್ತರ ಈ ಕಥೆ. 2007ರಲ್ಲಿ ಗ್ಯಾಲಕ್ಸಿ ಝೂ ಅಂತ ಒಂದು ಯೋಜನೆ ಶುರುವಾಯ್ತು. ಸ್ಲೋನ್ ಚಿತ್ರಗಳನ್ನ ಜನಸಾಮಾನ್ಯರ ಮುಂದಿಟ್ಟು, "ಇದು ಸುರುಳಿಯೋ ಉಂಡೆಯೋ ಹೇಳಿ" ಅಂದರು. ನೋಡ್ತಾ ನೋಡ್ತಾ ಆ ಸ್ವಯಂಸೇವಕರಿಗೆ ಕೆಲವು ಪುಟ್ಟ, ದುಂಡನೆಯ, ಹಸಿರು ಚುಕ್ಕಿಗಳು ಕಂಡವು. ಯಾರೂ ಹುಡುಕಿ ಅಂತ ಹೇಳಿರಲಿಲ್ಲ. ಅವಕ್ಕೆ ಹಸಿರು ಬಟಾಣಿ ಅಂತ ಹೆಸರಾಯ್ತು. 2009ರಲ್ಲಿ ಬಂದ ಪ್ರಬಂಧದಲ್ಲಿ ಅಂಥ ಸುಮಾರು 250 ಗ್ಯಾಲಕ್ಸಿಗಳ ಪಟ್ಟಿ ಇದೆ.

ಇಲ್ಲಿ ಮಜಾ ಏನಂದ್ರೆ, ಆ ಹಸಿರು ನಮ್ಮ ಕಣ್ಣಿನ ಹಸಿರೇ ಅಲ್ಲ. ಸ್ಲೋನ್ ಚಿತ್ರದಲ್ಲಿ ಆರ್ ಫಿಲ್ಟರಿನ ಬೆಳಕಿಗೆ ಹಸಿರು ಬಣ್ಣ ಹಂಚಿಕೊಟ್ಟಿದ್ದರು, ಅಷ್ಟೇ. ಆದ್ರೆ ಆರ್ ಕಿಟಕಿಯಲ್ಲಿ ಅಷ್ಟೊಂದು ಬೆಳಕು ಯಾಕೆ ಬಂತು? ಆ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಭರ್ಜರಿಯಾಗಿ ಹುಟ್ಟುತ್ತಿವೆ. ಅವುಗಳ ಶಾಖಕ್ಕೆ ಆಮ್ಲಜನಕದ ಅನಿಲ 500.7 ನ್ಯಾನೋಮೀಟರಿನಲ್ಲಿ ಹೊಳೆಯುತ್ತದೆ, ಕೆಂಪು ಪಲ್ಲಟದಿಂದ ಅದು ಸರಿಯಾಗಿ ಆರ್ ಕಿಟಕಿಗೆ ಬಂದು ಬೀಳ್ತದೆ. ಬಣ್ಣದ ಹಂಚಿಕೆ ಮನುಷ್ಯರದ್ದು, ಹೆಚ್ಚುವರಿ ಬೆಳಕು ಗ್ಯಾಲಕ್ಸಿಯದ್ದು. ಈ ಎರಡನ್ನ ಬೇರೆ ಮಾಡಿ ನೋಡೋ ಬುದ್ಧಿ ಬಂದ್ರೆ ವಾಟ್ಸಾಪಿನ ಅರ್ಧ ಜಗಳ ಮುಗೀತದೆ.

ಹೊಸಕೋಟೆಯಲ್ಲಿ ಜೋಡಿಸಿದ ಕಣ್ಣು

ಈಗ ನಮ್ಮ ಮನೆ ವಿಷಯ. 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ ಸಿ-30 ರಾಕೆಟ್ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹೊತ್ತೊಯ್ತು. ಅದರೊಳಗಿನ ಯುವಿಐಟಿ ಅನ್ನೋ ಅತಿನೇರಳೆ ಟೆಲಿಸ್ಕೋಪಿನ ಮುಂದಾಳತ್ವ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದು. ಜೋಡಣೆ ಆದದ್ದು ಹೊಸಕೋಟೆಯ ಕ್ಯಾಂಪಸ್ಸಿನಲ್ಲಿರೋ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಕನ್ನಡಿಗಳ ವ್ಯಾಸ ಬರೀ 375 ಮಿಲಿಮೀಟರ್, ಮನೆಯ ದೊಡ್ಡ ಪರಾತದಷ್ಟು. ಒಂದೇ ನೋಟಕ್ಕೆ ಪೂರ್ಣಚಂದ್ರನಷ್ಟು ಅಗಲದ ಆಕಾಶ ಕಾಣ್ತದೆ. ಅದಕ್ಕೂ ಮೊದಲಿದ್ದ ನಾಸಾದ ಗ್ಯಾಲೆಕ್ಸ್ ಟೆಲಿಸ್ಕೋಪು ಸುಮಾರು 5 ಆರ್ಕ್‌ಸೆಕೆಂಡಿನಷ್ಟು ಮಸುಕಾಗಿ ನೋಡ್ತಿತ್ತು, ನಮ್ಮದು 1.5ಕ್ಕಿಂತ ಚೊಕ್ಕ. ನೆಲದಿಂದ ಈ ಬೆಳಕು ನೋಡೋಕೇ ಆಗಲ್ಲ, ವಾತಾವರಣ ತಡೆದುಬಿಡ್ತದೆ. ಅದಕ್ಕೇ ಮೇಲೆ ಹೋಗಬೇಕಾಯ್ತು.

2016ರ ಅಕ್ಟೋಬರಿನಲ್ಲಿ ಯುವಿಐಟಿಯನ್ನು ಹಬಲ್ ಮೊದಲೇ ಆಳವಾಗಿ ನೋಡಿದ್ದ ಒಂದು ಜಾಗಕ್ಕೆ ತಿರುಗಿಸಿ 28 ಗಂಟೆಗೂ ಹೆಚ್ಚು ಹೊತ್ತು ನೋಡಿದರು. ಡೇಟಾ ಬಂದದ್ದು ಆಗ, ಫಲಿತಾಂಶ ಪ್ರಕಟವಾದದ್ದು 2020ರ ಆಗಸ್ಟಿನಲ್ಲಿ. ಪುಣೆಯ ಅಯುಕಾ ಸಂಸ್ಥೆಯ ಕನಕ್ ಸಾಹಾ ಅವರ ತಂಡ 930 ಕೋಟಿ ಬೆಳಕಿನ ವರ್ಷ ದೂರದ ಗ್ಯಾಲಕ್ಸಿಯಿಂದ ಹೊರಟ ತೀವ್ರ ಅತಿನೇರಳೆ ಬೆಳಕನ್ನು ಹಿಡಿದಿತ್ತು. ಕೆಂಪು ಪಲ್ಲಟ 1.42. ಆ ಬೆಳಕು ಹೊರಟಾಗ 60 ನ್ಯಾನೋಮೀಟರಿನ ಆಸುಪಾಸು ಇತ್ತು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕೋ ಶಕ್ತಿ ಅದಕ್ಕಿದೆ. ಬ್ರಹ್ಮಾಂಡದ ಬಾಲ್ಯದಲ್ಲಿ ಕವಿದಿದ್ದ ಹೈಡ್ರೋಜನ್ ಮಂಜನ್ನು ತಿಳಿಗೊಳಿಸಿದ್ದು ಇಂಥ ಬೆಳಕೇ ಇರಬೇಕು ಅಂತ ವಿಜ್ಞಾನಿಗಳ ಲೆಕ್ಕಾಚಾರ. 2.4 ಮೀಟರಿನ ಹಬಲ್‌ಗೆ ಸಿಗದದ್ದು 375 ಮಿಲಿಮೀಟರಿನ ಟೆಲಿಸ್ಕೋಪಿಗೆ ಸಿಕ್ಕಿತು, ಯಾಕಂದ್ರೆ ಇದರ ಡಿಟೆಕ್ಟರಿನ ಹಿನ್ನೆಲೆ ಗದ್ದಲ ಬಹಳ ಕಡಿಮೆ. ಸಿಗ್ನಲ್-ಟು-ನಾಯ್ಸ್ ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ಅದರ ಅರ್ಥ ಇದು.

2018ರಲ್ಲಿ ಯುವಿಐಟಿಯ ಮೂರು ಚಾನೆಲ್ಲುಗಳಲ್ಲಿ ಒಂದು ಕೆಲಸ ನಿಲ್ಲಿಸಿತು. ಉಳಿದದ್ದರಲ್ಲಿ ಕೆಲಸ ಮುಂದುವರೀತು. ಅದೇ ವರ್ಷ ಆಸ್ಟ್ರೋಸ್ಯಾಟ್ ಡೇಟಾ ಸಾರ್ವಜನಿಕರಿಗೆ ತೆರೆದುಕೊಂಡಿತು; ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರೋ ಇಸ್ರೋ ಡೇಟಾ ಕೇಂದ್ರದಿಂದ ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು. ಇಷ್ಟೆಲ್ಲ ನಮ್ಮ ರಾಜ್ಯದಲ್ಲೇ ನಡೆದಿದೆ. ನಮ್ಮ ಟೆಕ್ ಫೆಸ್ಟಿನ ಕ್ವಿಜ್ಜಿನಲ್ಲಿ ಹಬಲ್, ಜೇಮ್ಸ್ ವೆಬ್ ಬರ್ತವೆ. ಹೊಸಕೋಟೆ ಬರಲ್ಲ.

"ಅದ್ರಿಂದ ಪ್ಲೇಸ್‌ಮೆಂಟ್ ಆಗ್ತದಾ?"

ಈ ಪ್ರಶ್ನೆ ಬರ್ತದೆ ಅಂತ ಗೊತ್ತು, ಅದನ್ನ ನಾವು ಹಗುರಾಗಿ ತಗೊಳ್ಳೋದಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಗಳಿಂದ ಬಂದವರು ಇಲ್ಲಿ ಬಹಳ ಇದ್ದಾರೆ. ಅವರಿಗೆ ಗ್ಯಾಲಕ್ಸಿ ತೋರಿಸಿ "ಕನಸು ಕಾಣಿ" ಅನ್ನೋದು ಸುಲಭ, ಅದು ನ್ಯಾಯ ಅಲ್ಲ.

ಆದ್ರೆ ಲೆಕ್ಕ ಹಾಕಿ ನೋಡೋಣ. ಈಗ ನಾವು ಮಿನಿ ಪ್ರಾಜೆಕ್ಟಿಗೆ ಏನು ಮಾಡ್ತೀವಿ? ಸ್ಮಾರ್ಟ್ ಡಸ್ಟ್‌ಬಿನ್, ಲೈನ್ ಫಾಲೋವರ್, ಟೈಟಾನಿಕ್ ಹಡಗಿನ ಪ್ರಯಾಣಿಕರ ಡೇಟಾಸೆಟ್. ಟೈಟಾನಿಕ್ಕಿನಲ್ಲಿ ಯಾರು ಬದುಕಿದರು ಅಂತ ಎಷ್ಟು ಬ್ಯಾಚು ಲೆಕ್ಕ ಹಾಕಬೇಕು? ಇಂಟರ್‌ವ್ಯೂನಲ್ಲಿ ಕೂತವರು ಅದನ್ನ ನೂರು ಸಲ ನೋಡಿರ್ತಾರೆ. ಅದೇ ಸ್ಲೋನ್ ಡೇಟಾಬೇಸಿಗೆ ನಮ್ಮ ಡಿಬಿಎಂಎಸ್ ಲ್ಯಾಬಿನಲ್ಲಿ ಕಲಿತ ಎಸ್‌ಕ್ಯೂಎಲ್‌ನಲ್ಲೇ ಪ್ರಶ್ನೆ ಕೇಳಬಹುದು. ಅದನ್ನ ಕಟ್ಟೋದರಲ್ಲಿ ಕೈ ಹಾಕಿದವರು ಡೇಟಾಬೇಸ್ ಸಂಶೋಧನೆಗೆ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ. ಹತ್ತು ಸಾವಿರ ಗ್ಯಾಲಕ್ಸಿ ಇಳಿಸಿ ಎರಡು ಗುಡ್ಡ ತರಿಸೋಕೆ ಹಳೇ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಕಾಣೆಯಾದ ಸಂಖ್ಯೆಗಳಿವೆ, ತಪ್ಪು ಪತ್ತೆಗಳಿವೆ, ನಕ್ಷತ್ರವನ್ನ ಗ್ಯಾಲಕ್ಸಿ ಅಂತ ಗುರುತಿಸಿದ ಸಾಲುಗಳಿವೆ. ನಿಜವಾದ ಕೆಲಸದಲ್ಲಿ ಬರೋ ಡೇಟಾ ಹಾಗೇ ಇರ್ತದೆ. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನ ಕೊಟ್ಟಿದೆ: 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಆರು ಫಿಲ್ಟರ್, ರಾತ್ರಿಗೆ ಸುಮಾರು 20 ಟೆರಾಬೈಟ್. ಇಂಥ ರಾಶಿಯನ್ನ ಸೋಸೋಕೆ ಬೇಕಾಗಿರೋದು ಖಗೋಳ ವಿಜ್ಞಾನಿಗಳು ಮಾತ್ರ ಅಲ್ಲ, ನಮ್ಮಂಥ ಎಂಜಿನಿಯರುಗಳೂ.

"ಬೆಳಗಾವಿಯಲ್ಲಿ ಕೂತು ಏನಾಗ್ತದೆ" ಅನ್ನೋರಿಗೂ ಒಂದು ಮಾತು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಇದೇ ಹೊಸಕೋಟೆಯಿಂದ. ಹೊಸಕೋಟೆಯಲ್ಲಿ ಮೋಡ ಇದ್ರೂ ಹಾನ್ಲೆಯ ನಕ್ಷತ್ರ ನೋಡ್ತಾರೆ. ಡೇಟಾ ಕೈಗೆ ಬಂದ ಮೇಲೆ ರವಿವಾರ ಪೇಟೆಯ ಮಹಡಿ ಮೇಲಿನ ಬಾಡಿಗೆ ರೂಮೂ ಒಂದು ವೀಕ್ಷಣಾಲಯವೇ.

ನಮ್ಮದೇ ಒಂದು ಸರ್ವೆ

ಕೊನೆಯ ಪ್ರಸ್ತಾಪ ನಮ್ಮ ಊರಿನ ಆಕಾಶದ್ದು. ಪೇಟೆಯ ಹೆಸರಿನಲ್ಲೇ ಒಂದು ನಕ್ಷತ್ರ ಇದೆ, ರವಿ. ಆ ಒಂದನ್ನ ಬಿಟ್ಟರೆ ಅಲ್ಲಿಂದ ಕಾಣೋ ನಕ್ಷತ್ರಗಳನ್ನ ಬೆರಳಲ್ಲಿ ಎಣಿಸಬಹುದು. ಖಾನಾಪುರ ದಾಟಿ ಕಾಡಿನ ಕಡೆ ಹೋದವರಿಗೆ ಗೊತ್ತು, ಅಮಾವಾಸ್ಯೆ ರಾತ್ರಿ ಅಲ್ಲಿ ಆಕಾಶಗಂಗೆ ಹೇಗೆ ಕಾಣ್ತದೆ ಅಂತ. ನಡುವೆ ಇರೋ ದೂರ ಮೂವತ್ತು ಕಿಲೋಮೀಟರಿನ ಒಳಗೆ.

ಈ ವ್ಯತ್ಯಾಸವನ್ನ ನಾವೇ ಬಣ್ಣದಲ್ಲಿ ಅಳೆಯಬಹುದು. ಚಂದ್ರ ಇಲ್ಲದ, ಮೋಡ ಇಲ್ಲದ ಒಂದು ರಾತ್ರಿ. ರವಿವಾರ ಪೇಟೆ, ದೇಸೂರು, ಇದಲಹೊಂಡ, ಖಾನಾಪುರ: ನಾಲ್ಕು ಜಾಗ. ಒಂದೇ ಮೊಬೈಲು ಅಥವಾ ಕ್ಯಾಮೆರಾ, ರಾ ಮೋಡ್, ಒಂದೇ ಐಎಸ್‌ಒ, ಒಂದೇ ಎಕ್ಸ್‌ಪೋಷರ್, ನೆತ್ತಿಗೆ ನೇರ. ಲೆನ್ಸ್ ಮುಚ್ಚಿ ತೆಗೆದ ಕತ್ತಲೆ ಚಿತ್ರವನ್ನು ಕಳೆಯಬೇಕು. ಆಮೇಲೆ ನೀಲಿ ಚಾನೆಲ್ ಮತ್ತು ಹಸಿರು ಚಾನೆಲ್‌ಗಳ ಅನುಪಾತದ ಲಾಗರಿದಮ್ ತಗೊಂಡು ಮೈನಸ್ 2.5ರಿಂದ ಗುಣಿಸಿದರೆ ಬರೋದು ನಮ್ಮ ಆಕಾಶದ ಬಣ್ಣ, ಸ್ಲೋನ್‌ನವರು ಗ್ಯಾಲಕ್ಸಿಗೆ ಹಾಕಿದ ಅದೇ ಸೂತ್ರ.

ಇದು ಆಟ ಮಾತ್ರ ಅಲ್ಲ. ಬಿಳಿ ಎಲ್‌ಇಡಿ ದೀಪದ ಬೆಳಕಿನಲ್ಲಿ 450 ನ್ಯಾನೋಮೀಟರಿನ ಹತ್ತಿರ ಒಂದು ನೀಲಿ ಶಿಖರ ಇರ್ತದೆ. ಹಳೆಯ ಹಳದಿ ಸೋಡಿಯಂ ದೀಪದ್ದು 589ರ ಹತ್ತಿರ. ಗಾಳಿಯಲ್ಲಿ ಬೆಳಕು ಚದುರೋದು ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ ಅನ್ನೋ ರೇಲಿ ನಿಯಮ ಹಾಕಿ ನೋಡಿ: 450ರ ಬೆಳಕು 589ರ ಬೆಳಕಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಅಂದ್ರೆ ಕರೆಂಟು ಉಳಿಸೋಕೆ ಹಾಕಿದ ದೀಪ ಮೇಲ್ಮುಖವಾಗಿ ಸೋರಿದ್ರೆ ಆಕಾಶವನ್ನ ಜಾಸ್ತಿ ಬೆಳಗಿಸ್ತದೆ. ದೀಪ ಆರಿಸಿ ಅಂತ ನಾವು ಕೇಳ್ತಿಲ್ಲ. ರಾತ್ರಿ ಬಸ್ಸಿಳಿದು ಒಬ್ಬಳೇ ಪಿಜಿಗೆ ನಡೆಯೋ ನಮ್ಮ ಗೆಳತಿಯರಿಗೆ ರಸ್ತೆಯಲ್ಲಿ ಬೆಳಕು ಬೇಕೇ ಬೇಕು. ಆ ಬೆಳಕು ರಸ್ತೆ ಮೇಲೆ ಬೀಳಲಿ, ಮೋಡದ ಮೇಲೆ ಬ್ಯಾಡ. ದೀಪಕ್ಕೆ ಒಂದು ಮೇಲ್ಹೊದಿಕೆ, ಸ್ವಲ್ಪ ಹಳದಿ ಛಾಯೆಯ ಬಲ್ಬು, ಅಂಗಡಿ ಮುಚ್ಚಿದ ಮೇಲೆ ಹೋರ್ಡಿಂಗ್ ಬಂದ್. 2022ರಲ್ಲಿ ಹಾನ್ಲೆಯನ್ನು ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದಾಗ ದೂರದ ಲಡಾಖಿಗೆ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಖಾನಾಪುರದ ಕತ್ತಲೆ ನಮ್ಮ ಪಕ್ಕದಲ್ಲೇ ಇದೆ, ಅದಕ್ಕೂ ಯಾರಾದ್ರೂ ಸಂಖ್ಯೆ ಇಟ್ಟು ಮಾತಾಡಬೇಕು. ನಗರದವರ ಹತ್ತಿರ "ಆಕಾಶ ಚಂದ ಕಾಣ್ತಿಲ್ಲ" ಅಂತ ಹೋದ್ರೆ ನಗ್ತಾರೆ. ನಾಲ್ಕು ಜಾಗದ ಗ್ರಾಫ್ ತಗೊಂಡು ಹೋದ್ರೆ ಕೂತ್ಕೊಳ್ಳಿ ಅಂತಾರೆ.

ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಬಹಳ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಫಿಲ್ಟರ್, ಮ್ಯಾಗ್ನಿಟ್ಯೂಡ್, ರೆಡ್‌ಶಿಫ್ಟ್ ಬಾಯಿಗೆ ಬರ್ತವೆ, ಮನೆಯಲ್ಲಿ ಅಪ್ಪ "ಏನ್ ಮಾಡ್ತಿದೀಯೋ ಅದು?" ಅಂದ್ರೆ "ಅದು ಏನೋ ಪ್ರಾಜೆಕ್ಟು" ಅಂತ ಮುಗಿಸ್ತೀವಿ. ಮೆಣಸಿನಕಾಯಿಯನ್ನ ಬಿಸಿಲಿಗೆ ಹಿಡಿಯೋ ಗಿರಾಕಿಗೆ ಗ್ಯಾಲಕ್ಸಿಯ ಬಣ್ಣ ಅರ್ಥ ಆಗೋದು ಕಷ್ಟ ಅಲ್ಲ. ಅವರ ಭಾಷೆಯಲ್ಲಿ ಹೇಳೋರು ಬೇಕು, ಅಷ್ಟೇ. ತೆರಿಗೆ ಕೊಟ್ಟು ಆಸ್ಟ್ರೋಸ್ಯಾಟ್ ಹಾರಿಸಿದವರಲ್ಲಿ ಅವರೂ ಇದ್ದಾರೆ.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಮೂರು ಜನರ ತಂಡ ಕಟ್ಟಿಕೊಳ್ಳಿ, ಯಾವ ಬ್ರಾಂಚ್ ಆದರೂ ನಡೀತದೆ. ಒಂದು ತಂಡ ಸ್ಲೋನ್‌ನ ಎರಡು ಗುಡ್ಡ ತರಿಸಲಿ, ಒಂದು ಯುವಿಐಟಿ ಚಿತ್ರ ಇಳಿಸಿ ಒಂದು ಗ್ಯಾಲಕ್ಸಿಯ ಅತಿನೇರಳೆ ಹೊಳಪು ಅಳೆಯಲಿ, ಒಂದು ಪೇಟೆಯಿಂದ ಖಾನಾಪುರದವರೆಗೆ ಆಕಾಶ ಅಳೆಯಲಿ. ಕಾಡಿನೊಳಗೆ ರಾತ್ರಿ ಹೋಗಬೇಡಿ, ಅರಣ್ಯ ಇಲಾಖೆಯ ನಿಯಮ ಇದೆ. ಊರ ಅಂಚೇ ಸಾಕು. ಪ್ರತಿ ತಂಡವೂ ಕೊನೆಗೆ ಒಂದು ಪುಟ ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕೊಡಲಿ. ಕಾಗುಣಿತ ತಪ್ಪಿದ್ರೆ ಕ್ಲಬ್ಬಿನವರು ತಿದ್ದುತ್ತಾರೆ. ಮಳೆಗಾಲ ಮುಗಿದ ಮೇಲಿನ ಮೊದಲ ಅಮಾವಾಸ್ಯೆಗೆ ಟ್ರೈಪಾಡ್ ಇರೋರು ಮುಂದೆ ಬನ್ನಿ, ನಮ್ಮ ಹತ್ತಿರ ಸದ್ಯಕ್ಕೆ ಒಂದೇ ಇದೆ.